ಕಸಿಯ ಗಂಟಿನ ಮೇಲಿನದು ಯಾವುದು

ಮರದ ಬದುಕನ್ನು ನಿರ್ಧರಿಸುವುದು ವಂಶವೋ ಪರಿಸರವೋ ಎಂಬ ಪ್ರಶ್ನೆ ಬಹು ಗಹನವಾದದ್ದು. ಆಲ್ಕೊಳದ ನಮ್ಮ ಹಿತ್ತಲಲ್ಲಿ ಅದನ್ನು ಇತ್ಯರ್ಥ ಮಾಡಲು ಭಾವ ಗರಗಸ ಹಿಡಿದು ಬಂದಿದ್ದರು.

ಅಪ್ಪನ ಮನೆಯ ಮುಂದೆ ಅಪ್ಪೆಮಿಡಿ ಮಾವಿನ ಮರವೊಂದಿತ್ತು. ಉಪ್ಪಿನಕಾಯಿಗೆಂದೇ ಹುಟ್ಟಿದ್ದು, ಮಿಡಿ ಮುರಿದರೆ ಮನೆಯೆಲ್ಲ ಘಮ. ರಸ್ತೆ ಅಗಲ ಮಾಡುವಾಗ ಹೋಯಿತು. ಅದಕ್ಕೆ ಮೊದಲೇ ಅಕ್ಕ ಅದರ ಕಡ್ಡಿ ತೆಗೆಸಿ ಕಾಡುಮಾವಿನ ಸಸಿಗಳಿಗೆ ಕಸಿ ಕಟ್ಟಿಸಿದ್ದಳು. ಒಂದು ಭದ್ರಾವತಿಯ ಅವಳ ಮನೆಗೆ, ಒಂದು ನನಗೆ. ಅವಳದು ಒಣಗಿತು. ಇನ್ನು ಆ ಘಮ ಈ ಲೋಕದಲ್ಲಿ ಉಳಿಯಬೇಕಾದರೆ ನನ್ನದೇ ಗತಿ.

ನನ್ನದರ ಬುಡದಿಂದ ಎರಡು ಕಾಂಡ ಎದ್ದಿದ್ದವು. ಒಂದು ದಪ್ಪಗೆ, ನೆಟ್ಟಗೆ. ಇನ್ನೊಂದು ಪಕ್ಕದವರ ಹೊಸ ಗೋಡೆಯ ನೆರಳು ತಪ್ಪಿಸಿಕೊಳ್ಳಲು ಬಿಸಿಲಿನತ್ತ ಬಾಗಿ ಸೊಟ್ಟಗಾಗಿತ್ತು, ತುದಿಯೂ ಒಣಗುತ್ತಿತ್ತು. ಒಂದು ಕಸಿಯದು, ಒಂದು ಕಾಡಿನದು. ಕಾಡಿನದನ್ನು ತೆಗೆಯದಿದ್ದರೆ ಅದು ಕಸಿಯನ್ನು ತಿಂದುಹಾಕುತ್ತದೆ. ತಪ್ಪಿ ಕಸಿಯನ್ನೇ ಕೊಯ್ದರೆ ಅಪ್ಪನ ಮರದ ವಂಶ ಅಲ್ಲಿಗೆ ಮುಗಿಯಿತು. ಕಸಿ ಕೂಡಿದ ಗಂಟಿನ ಮೇಲಿಂದ ಎದ್ದದ್ದು ಅಪ್ಪನ ಮರದ್ದು, ಕೆಳಗಿನಿಂದ ಎದ್ದದ್ದು ಕಾಡಿನದು. ಆದರೆ ಗುರುತು ಹೇಳಬೇಕಾದ ಆ ಗಂಟೇ, ಗೋಡೆ ಕಟ್ಟುವಾಗ ಸುರಿದ ಮಣ್ಣಿನಡಿ ಹೂತುಹೋಗಿತ್ತು.

"ನೋಡೋದೇನಿದೆ ಮಾರಾಯ? ಒಳ್ಳೇ ಮನೆತನದ್ದು ನೆಟ್ಟಗಿರತ್ತೆ. ಈ ಸೊಟ್ಟದ್ದನ್ನ ತೆಗೀತೀನಿ," ಎಂದು ಭಾವ ಗರಗಸ ಇಟ್ಟೇಬಿಟ್ಟರು.

"ರೀ, ಕೈ ತೆಗೀರಿ! ಒಳ್ಳೇ ಮನೆತನದೋರು ನೀವೇ ಸೊಟ್ಟಗೆ ನಿಂತಿದೀರ," ಎಂದು ಅಕ್ಕ ಅಡ್ಡ ಬಂದಳು.

ಅಪ್ಪೆಯ ಎಲೆಯಲ್ಲೂ ಘಮವಿರುತ್ತದೆ. ಎರಡೂ ಕಾಂಡದ ಎಲೆ ಕಿತ್ತು, ಹಿಸುಕಿ, ಮೂಸಿದಳು. ಮತ್ತೆ ಮೂಸಿದಳು. ಮುಖ ಬಾಡಿತು.

"ಗೊತ್ತಾಗ್ತಿಲ್ಲ ಕಣೋ. ನೆಗಡಿ."

"ಬಸ್ಸಲ್ಲಿ ಕಿಟಕಿ ಪಕ್ಕ ಬೇಡ ಅಂದೆ, ಕೇಳಿದ್ಯಾ?" ಎಂದರು ಭಾವ.

ನಾನೂ ಮೂಸಿದೆ. ನನ್ನ ಮೂಗಿಗೆ ಎರಡೂ ಬರೀ ಸೊಪ್ಪು.

ಕೊನೆಗೆ ಮಂಡಿಯೂರಿ ಬೆರಳಿನಿಂದಲೇ ಮಣ್ಣು ಕೆದಕತೊಡಗಿದೆ. ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಅಕ್ಕ ನನ್ನ ಭುಜವನ್ನು ಉಗುರು ನಾಟುವಂತೆ ಹಿಡಿದಿದ್ದಳು.

"ಬೇರು ಹರೀಬೇಡ್ವೋ, ನಿಧಾನ."

ಗಂಟು ಸಿಕ್ಕಿತು, ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯ ಚೂರಿನ ಸಮೇತ. ನೆಟ್ಟಗಿದ್ದದ್ದು ಅದರ ಕೆಳಗಿನಿಂದ ಹೊರಟಿತ್ತು. ಸೊಟ್ಟದ್ದು ಮೇಲಿನಿಂದ.

ಭಾವ ಮೊದಲ ಸಲ ದನಿ ತಗ್ಗಿಸಿದರು. "ಇಷ್ಟು ದೊಡ್ಡದನ್ನ ಕೊಯ್ದರೆ ಆ ಬಡಕಲು ಬದುಕತ್ತೇನೇ?"

"ಬದುಕದೇ ಇದ್ರೆ ನನ್ನನ್ನ ಕೇಳ್ಬೇಡಿ. ಕೊಯ್ರಿ," ಎಂದು ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಳು.

ನೆಟ್ಟಗಿದ್ದದ್ದನ್ನು ಕೊಯ್ದೆವು. ಸೊಟ್ಟದ್ದು ಮಳೆಗಾಲದಲ್ಲಿ ಚಿಗುರಿತು. ಇನ್ನೂ ಕಾಯಿ ಬಿಟ್ಟಿಲ್ಲ.