ಅವಳೇ ಕೇಳಲಿ ಎಂದು ಕಾದದ್ದು

ಹೆರಿಗೆ ವಾರ್ಡಿನಲ್ಲಿ ನಾನು ಹದಿನೆಂಟು ವರ್ಷ ನರ್ಸಾಗಿ ದುಡಿದ ಮೇಲೆ, ಗರ್ಭಿಣಿಯರಿಗೆ ಎಚ್‌ಐವಿ ಪರೀಕ್ಷೆ ಮಾಡಿಸಿ ತಿಳಿಹೇಳಲೆಂದು ಮಾಗಡಿ ಕಡೆಯ ಒಬ್ಬ ಹುಡುಗಿ ಬಂದಳು. ಕೌನ್ಸೆಲರ್ ಅಂತೆ. ಗುತ್ತಿಗೆ ಕೆಲಸ, ಆದರೂ ಅವಳಿಗೊಂದು ಬೇರೆ ರೂಮು, ಬಾಗಿಲಿಗೆ ಪರದೆ, ತಲೆಯ ಮೇಲೆ ಫ್ಯಾನು. ನಮಗೆ ಕೂರಲು ನೆಟ್ಟಗೆ ಸ್ಟೂಲೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಟ್ಟು ಏನು ಪ್ರಯೋಜನ.

ಫ್ಯಾನನ್ನಾದರೂ ಸಹಿಸಿಕೊಂಡೆ. ಹೆಂಗಸರು ಅವಳ ಮುಂದೆ ಅತ್ತು, ಕಣ್ಣೊರೆಸಿಕೊಂಡು ಹೊರಬಂದು, ನನ್ನೆದುರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದುದನ್ನು ಸಹಿಸಲಾಗಲಿಲ್ಲ. ಕೂಟಗಲ್ ಕಡೆ ಎಷ್ಟೋ ಮನೆಗಳ ಮಕ್ಕಳನ್ನು ಮೊದಲು ಎತ್ತಿಕೊಂಡವಳು ನಾನು. ಯಾರಿಗೆ ಸೋಂಕಿದೆ ಎಂದು ನಮಗೆಲ್ಲ ಹೇಳಲೇಬೇಕೆಂದು ನಾವು ನರ್ಸುಗಳು ಜಗಳಕ್ಕೇ ನಿಂತಿದ್ದೆವು.

"ಎಲ್ರಿಗೂ ಗ್ಲೌಸ್ ಹಾಕ್ಕಂಡೇ ಮಾಡಿ ಅಕ್ಕ. ಆಗ ಕೇಳೋ ಅಗತ್ಯವೇ ಇರಕಿಲ್ಲ" ಎಂದಳು ಆ ಹುಡುಗಿ. ಅವಳು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಬಿಡದಿ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಒಬ್ಬ ಬಸುರಿಗೆ ಸೋಂಕಿತ್ತು. ಗಂಡನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಅಕ್ಕನ ಎರಡೂ ಹೆರಿಗೆ ಮಾಡಿಸಿದವಳು ನಾನು, ಆದರೂ ನನಗೊಂದು ಮಾತು ಹೇಳಿರಲಿಲ್ಲ.

ಒಂದು ಶನಿವಾರ ಕೌನ್ಸೆಲರ್ ನನ್ನ ಕೈಗೆ ಮಾತ್ರೆ ಕೊಟ್ಟಳು. "ನಾಳೆ ನಾನಿರಕಿಲ್ಲ. ಆಯಮ್ಮಂಗೆ ನೋವು ಸುರುವಾಗ್ತಿದ್ದಂಗೆ ಕೊಟ್ಬುಡಿ ಅಕ್ಕ, ತಡವಾದ್ರೆ ಮಗೀಗೆ ಅಂಟ್ಕಬೋದು. ವಾರ್ಡಲ್ಲೇ ಕೊಡ್ತಾರೆ ಅಂತ ಹೇಳಿವ್ನಿ. ಅತ್ತೆ ಮುಂದೆ ಮಾತ್ರ ಬ್ಯಾಡ."

ಭಾನುವಾರ ಬೆಳಿಗ್ಗೆಯೇ ಆ ಬಸುರಿ ನೋವು ತಿನ್ನುತ್ತ ಬಂದಳು, ಪಕ್ಕದಲ್ಲಿ ಅತ್ತೆ. ಅತ್ತೆಯನ್ನು ಕಾಫಿ ತರಲು ಕಳಿಸಿದ್ದರೆ ಸಾಕಿತ್ತು. ಕಳಿಸಲಿಲ್ಲ. ಅವಳು ಬಾಯಿಬಿಟ್ಟು ನನ್ನನ್ನೇ ಕೇಳಲಿ ಎಂಬ ಹಟ ನನಗೆ.

"ಏನಾರ ಹೇಳದೈತಾ?" ಎಂದು ಕೇಳಿದೆ.

ಅವಳು ಅತ್ತೆಯ ಕಡೆ ನೋಡಿ, "ಏನಿಲ್ಲ" ಎಂದಳು.

ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ನೋವು ಬಿಗಿಯಾಗುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅರ್ಥವಾಗದವಳಂತೆ ಓಡಾಡುತ್ತಿದ್ದೆ. ಕೊನೆಗೆ ಹಲ್ಲು ಕಚ್ಚಿಕೊಂಡು, "ಆ ರೂಮಿನವ್ರು ಇವತ್ತು ಬರಕಿಲ್ವಾ?" ಎಂದಳು. ಆಗ ಅತ್ತೆಯನ್ನು ಹೊರಗೆ ಅಟ್ಟಿ, ಜೇಬಿನಿಂದ ಮಾತ್ರೆ ತೆಗೆದುಕೊಟ್ಟೆ. ಅಷ್ಟೂ ಹೊತ್ತು ಅದು ನನ್ನ ಹತ್ತಿರವೇ ಇತ್ತೆಂದು ಅವಳಿಗೆ ತಿಳಿಯಿತು. ಮಾತ್ರೆಯನ್ನು ನುಂಗಿದಳು. ಗಂಟೆಯೊಳಗೇ ಗಂಡು ಮಗು ಹುಟ್ಟಿತು, ಸೋಂಕು ತಗಲದಂತೆ ಮಗುವಿಗೆ ಕೊಡುವ ಔಷಧಿಯನ್ನೂ ನಾನೇ ಹಾಕಿದೆ.

ಮಗುವಿನ ಕೊನೆಯ ಪರೀಕ್ಷೆಗೆ ಒಂದೂವರೆ ವರ್ಷ ಕಾಯಬೇಕು. ಅಷ್ಟು ದಿನ ನಾನು ನೆಮ್ಮದಿಯಾಗಿ ಉಣ್ಣಲಿಲ್ಲ.

ಫಲಿತಾಂಶ ಬಂದ ದಿನ ಕೌನ್ಸೆಲರ್ ಅವಳನ್ನು ವಾರ್ಡಿಗೇ ಕರೆತಂದಳು. ಮಗುವಿಗೆ ಸೋಂಕಿರಲಿಲ್ಲ. "ಈ ಅಕ್ಕ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ರಲ್ಲ, ಅದಕ್ಕೇ" ಎಂದಳು ಕೌನ್ಸೆಲರ್.

ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನನ್ನ ಮುಖ ನೋಡಿದಳು. "ಹೂಂ, ಅಕ್ಕನೇ ಕೊಟ್ಟಿದ್ದು" ಎಂದಳು.

ಪರದೆಯ ಹಿಂದೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದವಳು ನನ್ನ ಗುಟ್ಟೊಂದನ್ನು ಮಾತ್ರ ಅಲ್ಲಿ ಹೇಳಿರಲಿಲ್ಲ.