ಇಳಿಜಾರಿಗೆ ಮೊದಲು ನಿಂತ ಬೈಕು

ಓಡುತ್ತಿದ್ದ ಯಂತ್ರ ನಿಂತರೆ ಕಾರಣ ಅದರ ಹೊಟ್ಟೆಯಲ್ಲೇ ಇರುತ್ತದೆ ಎಂದು ನಂಬಿದವನು ನಾನು. ನಮ್ಮೂರು ಹ್ಯಾಂಡ್‌ಪೋಸ್ಟಿನಲ್ಲಿ ಇಪ್ಪತ್ತು ವರ್ಷದಿಂದ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದೇನೆ. ಗಾಳಿ ಮೆಟ್ಟಿಕೊಂಡಿದೆ ಎಂದು ರೈತರು ಹೊತ್ತು ತಂದ ಮೋಟಾರುಗಳಲ್ಲಿ ಇಲಿ ಕಡಿದ ವೈರು ಸಿಕ್ಕಿದೆ, ಸತ್ತ ಹಲ್ಲಿ ಸಿಕ್ಕಿದೆ, ಗಾಳಿಯಂತೂ ಸಿಕ್ಕಿಲ್ಲ. ಇಂಥ ಕಥೆ ಹೇಳುವವರನ್ನು ಎದುರಿಗೇ ಗೇಲಿ ಮಾಡಿದ್ದೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಸಾಲಿಗ್ರಾಮದ ಕಡೆಯ ಒಂದು ಕೊಟ್ಟಿಗೆಯಲ್ಲಿ, ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತಿದ್ದ ಹಳೇ ಬೈಕೊಂದನ್ನು ಮನೆಗೆ ತಂದೆ. ಕಾಲೇಜಿಗೆ ಹೋಗುತ್ತಿದ್ದ ಮಗಳು ಸಿಂಧು “ನಾನೂ ಬಿಚ್ತೀನಿ” ಎಂದು ಪಕ್ಕದಲ್ಲಿ ಕೂತವಳು ಏಳಲೇ ಇಲ್ಲ. ಐದಾರು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಇಂಜಿನ್ ಇಳಿಸಿದೆವು, ತುಕ್ಕು ಉಜ್ಜಿದೆವು, ಟ್ಯಾಂಕಿಗೆ ಬಣ್ಣ ಹೊಡೆದೆವು. ನನಗಿಂತ ಅವಳ ಕೈ ಚುರುಕು. ಒಂದು ಮಾತ್ರ ನಮ್ಮಿಬ್ಬರಿಗೂ ಬಗ್ಗಲಿಲ್ಲ. ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ಕಾಕು ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು, ಇಕ್ಕಳ ಹಾಕಿ ತಿರುಗಿಸಿದರೂ ಕೂದಲೆಳೆಯಷ್ಟೂ ಜಗ್ಗಲಿಲ್ಲ. ಹೊಸದು ಸಿಗುವವರೆಗೆ ಹಾಗೇ ಇರಲಿ ಎಂದು ಬಿಟ್ಟೆವು.

ಆಯುಧಪೂಜೆಯ ಹೊತ್ತಿಗೆ ಬೈಕು ಪೂಜೆಗೆ ನಿಲ್ಲಬೇಕು ಎಂಬುದು ಸಿಂಧುವಿನ ಹಟ. ಹಬ್ಬದ ದಿನ ಮಧ್ಯಾಹ್ನ ಮುಂದಿನ ಚಕ್ರ ಕೂರಿಸಿ, ಅದರ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ, ಬಿಗಿ ಮಾಡಲು ಕೈ ಚಾಚಿದರೆ ಸ್ಪ್ಯಾನರಿಲ್ಲ. ನನ್ನ ಹೆಂಡತಿ ಭಾಗ್ಯ ಸಾಮಾನುಗಳನ್ನೆಲ್ಲ ತೊಳೆದು, ಕುಂಕುಮವಿಟ್ಟು, ಹೂವೇರಿಸಿ ಸಾಲಾಗಿ ಜೋಡಿಸಿಬಿಟ್ಟಿದ್ದಳು.

“ನಾಳೆ ಕದಲ್ಸೋಗಂಟ ಒಂದ್ನೂ ಮುಟ್ಟಂಗಿಲ್ಲ ಕಣ್ರೀ. ವರ್ಸಕ್ಕೊಂದಿನ ಅವೂ ಸುಧಾರಿಸ್ಕಳ್ಲಿ ಬುಡಿ,” ಎಂದಳು.

ನಮ್ಮಲ್ಲಿ ಹಾಗೇ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಬಿಗಿ ಮಾಡಿದರಾಯಿತು ಎಂದುಕೊಂಡೆ. ಮಗಳಿಗೆ ಹೇಳಬೇಕಿತ್ತು, ಹೇಳಲಿಲ್ಲ.

ಬೆಳಿಗ್ಗೆ ನಾನು ಸ್ನಾನದಲ್ಲಿದ್ದಾಗ ಬೈಕಿನ ಸದ್ದು ಕೇಳಿತು. ಮೊದಲು ಖುಷಿಯಾಯಿತು. ಇನ್ನೊಂದು ಚೊಂಬು ನೀರು ಹುಯ್ದುಕೊಂಡ ಮೇಲೆ ನಟ್ಟು ನೆನಪಾಯಿತು. ಹೊರಗೋಡಿ ಬಂದರೆ, ಸಿಂಧು ಸರಗೂರಿನಲ್ಲಿರುವ ನನ್ನ ತಂಗಿಗೆ ಪೂಜೆಯ ಕಡ್ಲೆಪುರಿ ಕೊಟ್ಟು ಬರಲು ಹೋದಳೆಂದು ಭಾಗ್ಯ ಹೇಳಿದಳು. ಫೋನ್ ಮಾಡಿದರೆ ಅವಳ ಫೋನು ಮನೆಯೊಳಗೇ ರಿಂಗಾಯಿತು.

ಒದ್ದೆ ಮೈಯಲ್ಲೇ ಮೊಪೆಡ್ ಹತ್ತಿದೆ. ಆ ದಾರಿಯಲ್ಲಿ ಮನೆಯಿಂದ ಮೂರು ಕಿಲೋಮೀಟರು ಹೋದರೆ ಒಂದು ನಾಲೆ ಸೇತುವೆಯಿದೆ. ಕಡಿದಾದ ಇಳಿಜಾರು, ಇಳಿದಲ್ಲೇ ತಿರುವು, ತಡೆಗೋಡೆಯಿಲ್ಲ. ಅಲ್ಲಿ ಮುಂದಿನ ಚಕ್ರ ಕಳಚಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ದೇವರನ್ನು ಕರೆದೆನೋ ಇಲ್ಲವೋ ನೆನಪಿಲ್ಲ. ನನ್ನನ್ನು ನಾನೇ ಬೈದುಕೊಂಡದ್ದು ನೆನಪಿದೆ.

ಇಳಿಜಾರು ಶುರುವಾಗುವುದಕ್ಕೆ ಹತ್ತು ಮಾರು ಹಿಂದೆ ಸಿಂಧು ಬೈಕು ನಿಲ್ಲಿಸಿಕೊಂಡು ಕಡ್ಲೆಪುರಿ ತಿನ್ನುತ್ತಿದ್ದಳು.

“ಚೆನ್ನಾಗೇ ಬತ್ತಿತ್ತು ಕಣಪ್ಪ, ತಾನೇ ಆಫ್ ಆಗೋಯ್ತು. ಎಷ್ಟು ಕಿಕ್ ಹೊಡುದ್ರೂ ಸ್ಟಾರ್ಟೇ ಆಗ್ತಿಲ್ಲ,” ಎಂದಳು.

ನಾನು ಮುಂದಿನ ಚಕ್ರದ ಹತ್ತಿರ ಕುಕ್ಕರಿಸಿದೆ. ನಟ್ಟು ಕೊನೆಯ ಸುತ್ತಿನಲ್ಲಿ ನೇತಾಡುತ್ತಿತ್ತು. ಬೆರಳು ತಾಗಿಸಿದ್ದಕ್ಕೇ ಕಳಚಿ ಕೈಗೆ ಬಿತ್ತು. ಆಮೇಲೆ ಇಂಜಿನ್ ಯಾಕೆ ನಿಂತಿತೆಂದು ನೋಡಿದೆ. ಪೆಟ್ರೋಲ್ ಕಾಕು ಪೂರ್ತಿ ಮುಚ್ಚಿತ್ತು.

“ನೀನೇನಾದ್ರೂ ತಿರುಗುಸ್ದಾ ಮಗ?” ಎಂದು ಕೇಳಿದೆ.

“ಇಕ್ಕಳಕ್ಕೇ ಬಗ್ಗದ್ದು ನನ್ ಕೈಗೆ ಬಗ್ಗುತ್ತಾ ಅಪ್ಪ?”

ನಾನೂ ತಿರುಗಿಸಿ ನೋಡಿದೆ. ತೆರೆದಿದ್ದಾಗ ಹೇಗೆ ಕಚ್ಚಿಕೊಂಡಿತ್ತೋ ಮುಚ್ಚಿದ ಮೇಲೂ ಹಾಗೇ ಕಚ್ಚಿಕೊಂಡಿತ್ತು. ಮನೆಯಲ್ಲೇ ಮುಚ್ಚಿದ್ದಿದ್ದರೆ ಬೈಕು ಅಷ್ಟು ದೂರ ಬರುತ್ತಿರಲಿಲ್ಲ. ಕಾರ್ಬುರೇಟರಿನಲ್ಲಿ ಉಳಿಯುವ ಪೆಟ್ರೋಲು ಒಂದು ಕಿಲೋಮೀಟರು ಬಂದರೆ ಹೆಚ್ಚು. ಅಂದರೆ ಕಾಕು ಓಡುವಾಗಲೇ ಮುಚ್ಚಿದೆ, ಮಗಳ ಎರಡು ಕೈಯೂ ಹ್ಯಾಂಡಲ್ ಮೇಲಿದ್ದಾಗ. ಅಲುಗಾಟಕ್ಕೆ ತಿರುಗಿರಬಹುದು ಎಂದು ಆಮೇಲೊಂದು ದಿನ ಹುಣಸೂರಿನ ಮೆಕ್ಯಾನಿಕ್ ಗೆಳೆಯನೊಬ್ಬ ಹೇಳಿದ. ಹೇಳಿ, ತಾನೇ ಇಕ್ಕಳ ಹಾಕಿ ಎಳೆದು ನೋಡಿ, ಇಕ್ಕಳವನ್ನು ನನ್ನ ಕೈಗೆ ವಾಪಸು ಕೊಟ್ಟ. ಭಾಗ್ಯಳಿಗೆ ಅನುಮಾನವೇ ಇಲ್ಲ, ಪೂಜೆ ಮಾಡಿದ್ದಕ್ಕೇ ಮಗಳು ಉಳಿದಳು. ಪೂಜೆಯಿಲ್ಲದಿದ್ದರೆ ನಟ್ಟು ಬಿಗಿಯಾಗಿರುತ್ತಿತ್ತಲ್ಲ ಎಂದು ನಾನು ವಾದಕ್ಕೆ ಹೋಗಿಲ್ಲ. ಸಂಸಾರ ಮಾಡುವವನಿಗೆ ಅಷ್ಟು ಬುದ್ಧಿಯಾದರೂ ಇರಬೇಕು.

ಅಂದು ಅಲ್ಲೇ ರಸ್ತೆಬದಿಯಲ್ಲಿ ಮಗಳಿಗೆ ನನ್ನ ತಪ್ಪು ಹೇಳಿಕೊಂಡೆ. ಅವಳು ಇಳಿಜಾರಿನ ಕಡೆ ಒಮ್ಮೆ ನೋಡಿದಳು.

“ಒಂದ್ ಮಾತ್ ಹೇಳ್ಬಾರ್ದಾಗಿತ್ತಾ ಅಪ್ಪ,” ಎಂದಳು. ಅಷ್ಟೇ.

ನಟ್ಟನ್ನು ಮತ್ತೆ ಕೈಯಲ್ಲೇ ಕೂರಿಸಿ ಊರಿನ ಕಡೆ ಹೊರಟೆವು. ಅವಳು ಮೊಪೆಡ್ಡಿನಲ್ಲಿ ಮುಂದೆ, ನಾನು ಬೈಕು ತಳ್ಳಿಕೊಂಡು ಹಿಂದೆ. ಆ ಕಾಕನ್ನು ತಿರುಗಿಸಿದ್ದು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಬೆಳಿಗ್ಗೆ ಗೊತ್ತಾಗಬೇಕೆಂದೂ ಅನ್ನಿಸಲಿಲ್ಲ. ಸ್ವಲ್ಪ ದೂರಕ್ಕೊಮ್ಮೆ ಅವಳು ನಿಂತು, ಹಿಂದೆ ತಿರುಗಿ, “ಬಿರ್ರನೆ ಬಾರಪ್ಪ” ಎಂದು ಗದರುತ್ತಿದ್ದಳು. ಇನ್ನೊಂದು ಸಲ ಗದರಲಿ ಎಂದು ನಾನು ನಿಧಾನವಾಗಿಯೇ ತಳ್ಳಿದೆ.