ಬಳೆ ಅಂಗಡಿಯಲ್ಲಿ ಅಪ್ಪನ ಬೆರಳು

ಹುಕ್ಕೇರಿ ಬಜಾರದಲ್ಲಿ ನಮ್ಮದೊಂದು ಬಳೆ ಅಂಗಡಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋದ ಮೇಲೂ ಅಪ್ಪ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಮುಂಗೈ ಹಿಡಿದರೆ ಸಾಕು, ಬಳೆಯ ಅಳತೆ ಅವರಿಗೆ ತಿಳಿಯುತ್ತಿತ್ತು. ಕಷ್ಟವಾದದ್ದು ನೋಟುಗಳದು. "ಇದು ಎಷ್ಟರ ನೋಟವ್ವಾ?" ಎಂದು ಗಿರಾಕಿಯನ್ನೇ ಕೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು.

ಅದಕ್ಕೇ ನಾನು ಫೋನಿನಲ್ಲಿ ಹಣ ಹಾಕುವ ಕ್ಯೂಆರ್ ಹಲಗೆಯನ್ನೂ, ಬಂದ ಮೊತ್ತವನ್ನು ಕೂಗಿ ಹೇಳುವ ಡಬ್ಬಿಯನ್ನೂ ತಂದಿಟ್ಟೆ. ಹೆಂಗಸರಿಗೆ ಹಿಡಿಸಿತು, ಚಿಲ್ಲರೆ ಹುಡುಕುವ ಗೋಜಿಲ್ಲ. ಅಪ್ಪ ಮಾತ್ರ ಮಂಕಾದರು. ಈಗಿನವರು ಬಳೆಯ ಸೆಟ್ಟನ್ನು ತಾವೇ ಆರಿಸಿಕೊಳ್ಳುತ್ತಾರೆ, ಕೈ ಕೊಟ್ಟು ತೊಡಿಸಿಕೊಳ್ಳುವುದಿಲ್ಲ. ಹಣ ಕೊಡುವಾಗಲಾದರೂ ಕೈಗೆ ಕೈ ತಾಗುತ್ತಿತ್ತು, ಅದೂ ನಿಂತಿತು.

ಒಂದು ದಿನ ದಡ್ಡಿ ಎಂಬ ಹಳ್ಳಿಯ ಹೆಂಗಸೊಬ್ಬರು ಫೋನಿನಲ್ಲಿ ಹಣ ಹಾಕಿದರು. ಡಬ್ಬಿ ಕೂಗಿತು. ಅಪ್ಪ ಡಬ್ಬಿಯ ಕಡೆಗೆ ಕಿವಿ ಕೊಟ್ಟು ಕೂತೇ ಇದ್ದರು.

"ಯಾಕ್ರಿ ಕಾಕಾ, ರೊಕ್ಕ ಬರಲಿಲ್ಲೇನ್ರಿ?"

"ಬಂತವ್ವಾ. ಯಾರ ಕೊಟ್ರು ಅನ್ನೂದ ಅದು ಹೇಳಂಗಿಲ್ಲ."

ಆಕೆ ತಮ್ಮ ಕೈಯನ್ನು ಅಪ್ಪನ ಕೈಯಲ್ಲಿಟ್ಟರು. ಅಪ್ಪ ಮಣಿಕಟ್ಟನ್ನು ಮೆಲ್ಲಗೆ ತಡವಿದರು. ಮುಖ ಅರಳಿತು.

"ದಡ್ಡಿ ಊರ ಹುಡುಗಿ ಅಲ್ಲೇನ ನೀ? ನಿನ್ನ ಮದುವಿಗೆ ಹಸರ ಬಳಿ ನಾನ ಇಡಿಸಿದ್ದೆ."

"ಹೌದ್ರಿ. ಈಗ ಮಗಳು ಬಸರಿ ಅದಾಳ್ರಿ, ಕುಬಸದ ಕಾರ್ಯಕ್ಕ ಬಳಿ ಒಯ್ಯಾಕ ಬಂದೇನಿ."

"ಆಕಿನ್ನ ಕರಕೊಂಡ ಬಾ. ನಾನ ಇಡಸ್ತೇನಿ."

ಮರುದಿನ ಮಗಳೂ ಬಂದಳು. ಅಪ್ಪ ಒಂದು ಬಳೆಯೂ ಒಡೆಯದಂತೆ ಎರಡೂ ಕೈ ತುಂಬಿಸಿದರು. ಅವರು ಹೋದ ಮೇಲೆ, ಆ ಮಗಳು ಫೋನಿನ ಮೇಲೆ ಬೆರಳಿಟ್ಟೇ ಹಣ ಹಾಕಿದಳೆಂದು ನಾನು ಹೇಳಿದಾಗ, ಅಪ್ಪ ಡಬ್ಬಿಯನ್ನು ಮುಟ್ಟಿ ನೋಡುತ್ತ ಕೇಳಿದರು: "ರೊಕ್ಕ ಕೊಡಾಕ ನನ್ನ ಬೆರಳೂ ನಡೀತೈತೇನ?"

ನಡೆಯುತ್ತದೆ ಎಂದೆ. ಗುಟ್ಟಿನ ಅಂಕಿ ಒತ್ತುವ ಬದಲು ಬೆರಳಿಟ್ಟರೂ ಸಾಕಾಗುವಂತೆ ಅವರ ಫೋನಿನಲ್ಲಿ ವ್ಯವಸ್ಥೆ ಮಾಡಿಕೊಟ್ಟೆ. ಎದುರು ಅಂಗಡಿಯ ಹೂವಿನವಳ ಬಳಿ ಕರೆದೊಯ್ಯಲು ಹೇಳಿದರು. ಅಲ್ಲಿ ಮಲ್ಲಿಗೆ ಕೊಂಡು, ನಾನು ಹಿಡಿದ ಫೋನಿನ ಮೇಲೆ ಬೆರಳಿಟ್ಟು, ಹಣ ಹೋಯಿತೆಂದು ಅವಳು ಹೇಳುವವರೆಗೂ ಬೆರಳು ತೆಗೆಯದೆ ನಿಂತರು.

ಮನೆಗೆ ಬಂದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಹೂ ನೋಡಿ, "ಇದೇನ್ರಿ, ಈ ವಯಸ್ಸಿನ್ಯಾಗ?" ಎಂದಳು.

"ನಾನ ತಗೊಂಡೆ. ನನ್ನ ಬೆರಳಿಲೆ," ಎಂದರು ಅಪ್ಪ.

ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಮುಡಿಸಲೆಂದು ಅವರಿಗೆ ಬೆನ್ನು ಮಾಡಿ ಕೂತಳು.